‘ಇತದಕು’: ಇಸ್ಕೊಂಡವರು ಯಾರು ಅನ್ನೋದೇ ಮೊದಲ ಪ್ರಶ್ನೆ

ಹೊಸಕೇರಿ:
ಜಪಾನಿ ಭಾಷೆಯ ‘ಇತದಕು’ ಕ್ರಿಯಾಪದದ ಬಗ್ಗೆ ತಿಳಿದವರು ಹೇಳಿ. ‘ಮೊರೌ’ ಅಂದರೆ ಪಡೆ, ಅದರ ವಿನಯರೂಪ ‘ಇತದಕು’ ಅಂತ ಪಠ್ಯದಲ್ಲಿದೆ, ಅಷ್ಟೇ. ಆದರೆ ಊಟಕ್ಕೆ ಮುಂಚೆ ಅದೇ, ಅಂಗಡಿ ಬಾಗಿಲ ಚೀಟಿಯಲ್ಲೂ ಅದೇ, ರೈಲಿನ ಪ್ರಕಟಣೆಯಲ್ಲೂ ಅದೇ. ಕೆಳಗಿನ ಮೂರು ವಾಕ್ಯ ಕಚೇರಿಯ ಮೇಲ್ ಒಂದರ ಕರಡು. ಮೂರೂ ತಪ್ಪು ಅಂತ ತಿದ್ದಿ ವಾಪಸ್ ಬಂದಿದೆ, ಕಾರಣ ಮಾತ್ರ ಬರೆದಿಲ್ಲ.

1) ಶಿರ್ಯೋ ಒ ಒಕುರಸಸೆತೆ ಇತದಕಿಮಶಿತ. (ದಾಖಲೆ ಕಳಿಸಿದ್ದೇನೆ)
2) ಗೊ-ಕಕುನಿನ್ ಶಿತೆ ಇತದಕಿಮಸ್ ಕ. (ಪರಿಶೀಲಿಸುತ್ತೀರಾ)
3) ಸತೋ-ಸಮ ಗ ಒಶಿಯೆತೆ ಇತದೈತ ತೆಜುನ್. (ಸತೋ ಅವರು ಹೇಳಿಕೊಟ್ಟ ಕ್ರಮ)

ಪದಚ್ಛೇದ:
ಮೂರಕ್ಕೂ ಕಾರಣ ಬೇರೆ ಬೇರೆ. ಮೊದಲು ಪದದ ಮೈ ನೋಡಿಬಿಡೋಣ.

‘ಇತದಕು’ ಪದದ ಹಳೆಯ ಅರ್ಥ ತಲೆಯ ಮೇಲೆ ಇಟ್ಟುಕೊಳ್ಳುವುದು. ಅದನ್ನು ಬರೆಯುವ ಕಾಂಜಿ (ಚೀನಾದಿಂದ ಬಂದ ಅಕ್ಷರ) ‘ಸಂಚೋ’ ಅಂದರೆ ಬೆಟ್ಟದ ನೆತ್ತಿ ಎನ್ನುವ ಪದದಲ್ಲೂ ಇದೆ. ‘ಯುಕಿ ಒ ಇತದಕು ಯಮ’ ಅಂದರೆ ಹಿಮ ಹೊತ್ತ ಬೆಟ್ಟ. ಇದು ಇವತ್ತಿಗೂ ಬಳಕೆಯಲ್ಲಿರುವ ಮಾತು, ವಿನಯಕ್ಕೂ ಇದಕ್ಕೂ ಸಂಬಂಧವಿಲ್ಲ. ದೊಡ್ಡವರು ಕೊಟ್ಟದ್ದನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ತೆಗೆದುಕೊಳ್ಳುವ ಪದ್ಧತಿಯಿಂದ ‘ಪಡೆ’ ಎಂಬ ಅರ್ಥ ಬಂತು, ಅಲ್ಲಿಂದ ತಿನ್ನುವುದು, ಕುಡಿಯುವುದು. ಪ್ರಸಾದ ಕೈಗೆ ಬಿದ್ದ ಕೂಡಲೇ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಅಪ್ಪಣೆ ಶಿರಸಾವಹಿಸಿ’ ಅನ್ನುವಾಗಲೂ ಹೊರುವುದು ತಲೆಯೇ.

ಈಗ ವ್ಯಾಕರಣ. ಇಲ್ಲಿ ಕನ್ನಡದವರಿಗೆ ಪುಕ್ಕಟೆ ಲಾಭ ಒಂದಿದೆ. ‘ಅವನ ಹತ್ರ ದುಡ್ಡು ಇಸ್ಕೊಂಡೆ’ ಅಂತೀವಲ್ಲ, ಆ ‘ಈಸಿಕೊಳ್ಳು’ ಒಡೆದು ನೋಡಿ: ‘ಈ’ ಅಂದರೆ ಕೊಡು, ‘ಇಸು’ ಮಾಡಿಸುವ ಪ್ರತ್ಯಯ, ‘ಕೊಳ್ಳು’ ತನಗಾಗಿ. ಕೊಡುವವನು ಅವನು, ವಾಕ್ಯದ ಕರ್ತೃ ನಾನು. ‘ಮೊರೌ’ ಮತ್ತು ‘ಇತದಕು’ ಕೆಲಸ ಮಾಡುವುದೂ ಹೀಗೇ. ಇದನ್ನೇ ಕ್ರಿಯಾಪದಕ್ಕೆ ಅಂಟಿಸಿದರೆ ‘ಬರೆಸ್ಕೊಂಡೆ’, ‘ಹೇಳಿಸ್ಕೊಂಡೆ’. ಜಪಾನಿಯಲ್ಲಿ ‘ಕೈತೆ ಇತದೈತ’, ‘ಒಶಿಯೆತೆ ಇತದೈತ’. ಬರೆದವರು ಅವರು, ಬರೆಸಿಕೊಂಡವನು ನಾನು.

ನಿಮ್ಮ ಮೂರನೇ ವಾಕ್ಯ ಇಲ್ಲೇ ಎಡವಿತು. ‘ಗ’ ಕರ್ತೃವಿನ ಪ್ರತ್ಯಯ. ‘ಸತೋ-ಸಮ ಗ ಒಶಿಯೆತೆ ಇತದೈತ’ ಅಂದರೆ ‘ಸತೋ ಅವರು ಹೇಳಿಸಿಕೊಂಡರು’ ಅಂದಂತಾಯಿತು, ಕಲಿತವರು ಅವರೇ ಆಗಿಬಿಟ್ಟರು. ಸರಿಪಡಿಸಲು ದಾರಿ ಎರಡು. ಪ್ರತ್ಯಯ ಬದಲಿಸಿ ‘ಸತೋ-ಸಮ ನಿ ಒಶಿಯೆತೆ ಇತದೈತ’ ಅನ್ನಿ: ಸತೋ ಅವರಿಂದ ನಾನು ಹೇಳಿಸಿಕೊಂಡ. ಇಲ್ಲವೇ ಕ್ರಿಯಾಪದ ಬದಲಿಸಿ ‘ಸತೋ-ಸಮ ಗ ಒಶಿಯೆತೆ ಕುದಸತ್ತ’ ಅನ್ನಿ: ಸತೋ ಅವರು ಹೇಳಿಕೊಟ್ಟ. ‘ಕುದಸರು’ ನಮ್ಮ ‘ದಯಪಾಲಿಸು’ ಇದ್ದ ಹಾಗೆ, ಕರ್ತೃ ಕೊಟ್ಟವರು. ‘ನಿ’ ಬಂದರೆ ಇತದಕು, ‘ಗ’ ಬಂದರೆ ಕುದಸರು. ಪರೀಕ್ಷೆಯಲ್ಲಿ ಈ ಜೋಡಿಯನ್ನೇ ಅದಲುಬದಲು ಮಾಡಿ ಕೇಳುತ್ತಾರೆ.

ಒಗ್ಗರಣೆ:
‘ಹೇಳಿಸ್ಕೊಂಡೆ’ ಅಂದ್ರೆ ನಮ್ಮಲ್ಲಿ ಬೈಗುಳ ತಿಂದೆ ಅಂತಲೂ ಆಗುತ್ತಲ್ಲಾ ಸ್ವಾಮಿ? ‘ಮ್ಯಾನೇಜರ್ ಹತ್ರ ಚೆನ್ನಾಗಿ ಬೈಸ್ಕೊಂಡೆ’ ಅನ್ನೋದಕ್ಕೂ ಇತದಕು ಹಾಕ್ಬಹುದಾ?

ಪದಚ್ಛೇದ:
ಒಳ್ಳೇ ಜಾಗಕ್ಕೇ ಕೈ ಹಾಕಿದಿರಿ. ಹೋಲಿಕೆ ಮುರಿದುಬೀಳುವುದು ಅಲ್ಲೇ. ನಮ್ಮ ‘ಇಸಿಕೊಳ್ಳು’ ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ: ಬರೆಸಿಕೊಂಡೆ, ಹೊಡೆಸಿಕೊಂಡೆ, ಬೈಸಿಕೊಂಡೆ ಎಲ್ಲಕ್ಕೂ ಒಂದೇ ಅಚ್ಚು. ಜಪಾನಿಯಲ್ಲಿ ಉಪಕಾರ ಅನ್ನಿಸಿದ್ದಕ್ಕೆ ಮಾತ್ರ ‘ತೆ ಇತದಕು’. ಬೈಸಿಕೊಂಡದ್ದಕ್ಕೆ ಕರ್ಮಣಿ ರೂಪ, ‘ಶಿಕರರೆತ’. ‘ಶಿಕತ್ತೆ ಇತದೈತ’ ಅಂದರೆ ‘ಅವರು ಬೈದದ್ದು ನನ್ನ ಭಾಗ್ಯ’ ಅನ್ನುವ ಧ್ವನಿ ಬರುತ್ತದೆ. ಗುರುಗಳ ಬಗ್ಗೆ ಮನಸಾರೆ ಹಾಗೆ ಹೇಳುವವರೂ ಉಂಟು. ಮ್ಯಾನೇಜರ್ ಬಗ್ಗೆ ಹೇಳಿದರೆ ಕುಹಕ ಅಂದುಕೊಂಡಾರು.

ಕಬಿನಿ:
ಎರಡನೇ ವಾಕ್ಯದಲ್ಲಿ ತಪ್ಪು ಎರಡಿವೆ.

ಒಂದು, ‘ಇತದಕಿಮಸ್ ಕ’. ಇದು ‘ನಾನು ನಿಮ್ಮಿಂದ ಮಾಡಿಸಿಕೊಳ್ಳುತ್ತೇನಾ?’ ಅಂತ ಎದುರಿಗಿದ್ದವರನ್ನೇ ಕೇಳಿದ ಹಾಗೆ. ಕೇಳಬೇಕಾದ್ದು ‘ಮಾಡಿಸಿಕೊಳ್ಳಲು ಆದೀತಾ?’ ಅಂತ, ಅಂದರೆ ಸಾಧ್ಯತಾ ರೂಪ: ಇತದಕು ಹೋಗಿ ಇತದಕೆರು, ಆದ್ದರಿಂದ ‘ಇತದಕೆಮಸ್ ಕ’. ‘ಕಿ’ ಮತ್ತು ‘ಕೆ’ ಇಷ್ಟೇ ವ್ಯತ್ಯಾಸ. ಹೀಗೆ ಪ್ರಶ್ನೆಯಾಗಿ ಕೇಳುವ ವಿನಂತಿಗೆ ‘ಕೆ’. (ಕನ್ನಡ ಲಿಪಿಯಲ್ಲಿ ಟಿಪ್ಪಣಿ ಮಾಡಿಕೊಳ್ಳುವುದು ಇದಕ್ಕೇ ಒಳ್ಳೆಯದು. ಎ-ಏ, ಒ-ಓ ಬೇರೆ ಬೇರೆ ಅಕ್ಷರ ಇರುವುದು ಜಪಾನಿಗೆ ಹೇಳಿ ಮಾಡಿಸಿದಂತಿದೆ. ತ, ದ ದಂತ್ಯಗಳೂ ಹಾಗೇ ಹೊಂದುತ್ತವೆ.)

ಇನ್ನೊಂದು, ‘ಗೊ-ಕಕುನಿನ್ ಶಿತೆ’. ‘ಸುರು’ ಅಂದರೆ ಮಾಡು, ‘ಶಿತೆ’ ಅದರದೇ ರೂಪ. ‘ಗೊ... ಸುರು’ ಎನ್ನುವುದು ನಮ್ಮ ಕೆಲಸವನ್ನು ತಗ್ಗಿಸಿ ಹೇಳುವ ಅಚ್ಚು. ಅದನ್ನು ಎದುರಿನವರು ಮಾಡುವ ಕೆಲಸಕ್ಕೆ ಹಾಕಿದರೆ ಅವರನ್ನೇ ತಗ್ಗಿಸಿದ ಹಾಗೆ. ‘ಗೊ-ಕಕುನಿನ್ ಇತದಕೆಮಸ್ ಕ’ ಅನ್ನಿ, ಅಥವಾ ‘ಗೊ’ ತೆಗೆದು ‘ಕಕುನಿನ್ ಶಿತೆ ಇತದಕೆಮಸ್ ಕ’ ಅನ್ನಿ. ‘ಗೊ’ ಮತ್ತು ‘ಶಿತೆ’ ಒಟ್ಟಿಗೆ ಬೇಡ.

ವಿನಂತಿಯ ಬಿಗಿ ಸಡಿಲ ಹೀಗೆ ಏರುತ್ತದೆ: ‘ಇತದಕೆಮಸ್ ಕ’ ದಿನನಿತ್ಯದ್ದು, ‘ಇತದಕೆಮಸೆನ್ ಕ’ ಸ್ವಲ್ಪ ಮೆತ್ತಗೆ, ‘ಇತದಕೆನೈ ದೆಶೋ ಕ’ ಇನ್ನೂ ಹಿಂಜರಿಕೆಯದ್ದು, ಕೆಲಸ ದೊಡ್ಡದಿದ್ದಾಗ. ‘ಇತದಕೆಮಸ್ ದೆಶೋ ಕ’ ಎಲ್ಲ ಕಡೆ ಕೇಳಿಬರುತ್ತದೆ. ‘ಮಸ್’ ಮೇಲೆ ‘ದೆಶೋ’ ಹೇರಿದ್ದು ಭಾರವಾಯಿತು ಅನ್ನುವವರಿದ್ದಾರೆ. ಬರೆಯುವಾಗ ತಪ್ಪಿಸಿದರೆ ನಷ್ಟವೇನಿಲ್ಲ.

ಹೊಸಕೇರಿ:
ಹಾಗಾದರೆ ‘ಇತದಕಿಮಸ್’ ಅಂತ ಪ್ರಶ್ನೆ ಇಲ್ಲದೆ ಎದುರಿನವರ ಕೆಲಸಕ್ಕೆ ಹೇಳಿದರೆ? ‘ಕುತ್ಸು ಒ ನುಇದೆ ಇತದಕಿಮಸ್’ ಅನ್ನೋದನ್ನ ಕೇಳಿದ್ದೇನೆ.

ಕಬಿನಿ:
ಅದು ವಿನಂತಿಯಲ್ಲ, ಕಟ್ಟಪ್ಪಣೆ. ‘ಇಲ್ಲಿ ಚಪ್ಪಲಿ ಬಿಟ್ಟೇ ಬರಬೇಕು’ ಅಂತ. ಬೇಡ ಅನ್ನಲು ಅವಕಾಶವೇ ಇಲ್ಲ, ಏಕೆಂದರೆ ‘ಬಿಡಿಸಿಕೊಳ್ಳುತ್ತೇನೆ’ ಅಂತ ತೀರ್ಮಾನ ಆಗಿಹೋಗಿದೆ. ‘ಕಎತ್ತೆ ಇತದಕಿಮಸ್’ ಅಂದರೆ ‘ನೀವಿನ್ನು ಹೊರಡಬೇಕು’. ಪದ ಎಷ್ಟು ನಯವೋ ಬಾಗಿಲು ಅಷ್ಟೇ ಗಟ್ಟಿ. ಗ್ರಾಹಕರಿಗೆ ಕೊಡುವ ಸೂಚನಾಪಟ್ಟಿಯನ್ನು ಕನ್ನಡಕ್ಕೆ ತರುವವರು ಇದನ್ನು ‘ದಯವಿಟ್ಟು’ ಅಂತ ಮಾಡಿಬಿಡುತ್ತಾರೆ, ಕಡ್ಡಾಯ ಅನ್ನುವುದೇ ಹಾರಿಹೋಗುತ್ತದೆ.

ಅಡಿಟಿಪ್ಪಣಿ:
ಮೊದಲ ವಾಕ್ಯ ಉಳಿಯಿತು. ಅದೇ ಎಲ್ಲಕ್ಕಿಂತ ಗೋಜಲು, ನಿಧಾನವಾಗಿ ಓದಿ.

‘ಸಸೆತೆ ಇತದಕು’: ‘ಸಸೆ’ ಅಂದರೆ ಮಾಡಲು ಬಿಡು, ‘ಇತದಕು’ ಅಂದರೆ ಅದನ್ನು ಪಡೆ. ಅಂದರೆ ‘ನೀವು ಬಿಟ್ಟಿರಿ, ನಾನು ಮಾಡುವೆ’. ಕೆಲಸ ನನ್ನದು, ಅಪ್ಪಣೆ ನಿಮ್ಮದು. ಇದನ್ನು ಬರಿಯ ‘ತೆ ಇತದಕು’ ಜೊತೆ ಕಲಸಿದರೆ ಮಾಡುವವರೇ ಬದಲಾಗುತ್ತಾರೆ. ಕ್ಯಾಮೆರಾ ಕೈಯಲ್ಲಿ ಹಿಡಿದು ‘ಶಶಿನ್ ಒ ತೊತ್ತೆ ಇತದಕೆಮಸ್ ಕ’ ಅಂದರೆ ‘ನಮ್ಮ ಫೋಟೋ ತೆಗೆದುಕೊಡ್ತೀರಾ?’. ‘ಶಶಿನ್ ಒ ತೊರಸೆತೆ ಇತದಕೆಮಸ್ ಕ’ ಅಂದರೆ ‘ನಾನು ಫೋಟೋ ತೆಗೀಬಹುದಾ?’. ತೊತ್ತೆ ಅಂದಿರೋ, ಅವರು ನಿಮ್ಮ ಕೈಯಿಂದ ಕ್ಯಾಮೆರಾ ತೆಗೆದುಕೊಳ್ಳುತ್ತಾರೆ. ತೊರಸೆತೆ ಅಂದಿರೋ, ಒಪ್ಪಿದರೆ ಎದುರು ನಿಂತು ನಗುತ್ತಾರೆ.

ಇನ್ನು ‘ಒಕುರಸಸೆತೆ’. ಇಲ್ಲೊಂದು ‘ಸ’ ಹೆಚ್ಚಾಗಿದೆ. ಜಪಾನಿಗಳೂ ಮಾಡುವ ತಪ್ಪೇ, ಇದಕ್ಕೆ ‘ಸ-ಇರೆ ಕೊತೊಬ’ ಅಂತ ಹೆಸರೇ ಇದೆ, ‘ಸ’ ತುರುಕಿದ ಮಾತು. ಬಾಯಿಪಾಠ ಬೇಡ, ನಿಷೇಧ ರೂಪ ಮಾಡಿ ನೋಡಿ. ‘ನೈ’ಗೆ ಮುಂಚೆ ‘ಅ’ಕಾರ ಬಂದರೆ ಬರಿಯ ‘ಸೆತೆ’: ಒಕುರ-ನೈ, ಒಕುರ-ಸೆತೆ. ಯೊಮ-ನೈ, ಯೊಮ-ಸೆತೆ. ಯಸುಮ-ನೈ, ಯಸುಮ-ಸೆತೆ. ‘ಎ’ ಅಥವಾ ‘ಇ’ ಬಂದರೆ ‘ಸಸೆತೆ’: ತಬೆ-ನೈ, ತಬೆ-ಸಸೆತೆ. ಮಿ-ನೈ, ಮಿ-ಸಸೆತೆ. ಸುರು, ಕುರು (ಬಾ) ಎರಡು ಮಾತ್ರ ಪುಂಡ ಕ್ರಿಯಾಪದಗಳು: ಸಸೆತೆ, ಕೊಸಸೆತೆ. ಈ ಲೆಕ್ಕದಲ್ಲಿ ‘ಯೊಮಸಸೆತೆ’, ‘ಯಸುಮಸಸೆತೆ’ ಕೇಳಿದ ಕೂಡಲೇ ಕಿವಿಗೆ ಕಲ್ಲು ಸಿಕ್ಕಂತಾಗಬೇಕು.

‘ಸ’ ಸರಿಪಡಿಸಿ ‘ಒಕುರಸೆತೆ ಇತದಕಿಮಶಿತ’ ಅಂದರೂ ಪ್ರಶ್ನೆ ಉಳಿಯುತ್ತದೆ. ದಾಖಲೆ ಕಳಿಸಲು ಅಪ್ಪಣೆ ಕೊಟ್ಟವರು ಯಾರು? ಅವರೇ ಕಳಿಸಿ ಅಂದಿದ್ದರು, ನೀವು ಕಳಿಸಿದಿರಿ. ‘ಒ-ಒಕುರಿ ಇತಶಿಮಶಿತ’ ಸಾಕು (‘ಇತಸು’ ಅಂದರೆ ‘ಸುರು’ವಿನ ವಿನಯರೂಪ), ಬೇಕಾದಷ್ಟು ವಿನಯ ಅದರಲ್ಲೇ ಇದೆ.

ಒಗ್ಗರಣೆ:
ಎಲ್ಲದಕ್ಕೂ ‘ಸಸೆತೆ ಇತದಕು’ ಹಾಕಿದರೆ ಮರ್ಯಾದೆ ಜಾಸ್ತಿ ಆಯ್ತು ಅಂತ ಖುಷಿಪಡಲ್ವಾ? ಜಾಸ್ತಿ ಬೆಲ್ಲ ಹಾಕಿದ್ರೆ ಪಾಯಸ ಕೆಡುತ್ತಾ?

ಅಡಿಟಿಪ್ಪಣಿ:
ಕೆಡುತ್ತದೆ. ಈ ವಾದ ಜಪಾನಿನಲ್ಲೇ ದಶಕಗಳಿಂದ ನಡೆದಿದೆ. 2007ರ ಫೆಬ್ರವರಿಯಲ್ಲಿ ಅಲ್ಲಿನ ಸಂಸ್ಕೃತಿ ಮಂಡಳಿ ‘ಕೇಗೊ ನೊ ಶಿಶಿನ್’, ಅಂದರೆ ಗೌರವಭಾಷೆಯ ಮಾರ್ಗಸೂಚಿ ಕೊಟ್ಟಿತು. ಶಾಲೆಯಲ್ಲಿ ಮೂರು ಬಗೆ ಅಂತ ಕಲಿಸುತ್ತಿದ್ದ ಕೇಗೊವನ್ನು ಐದು ಬಗೆಯಾಗಿ ವಿಂಗಡಿಸಿದ್ದು ಅದೇ. ‘ಸಸೆತೆ ಇತದಕು’ಗೆ ಅದು ಎರಡು ಷರತ್ತು ಹೇಳುತ್ತದೆ: ಎದುರಿನವರ ಅಥವಾ ಮೂರನೆಯವರ ಒಪ್ಪಿಗೆ ಪಡೆದು ಮಾಡುವ ಕೆಲಸವಾಗಿರಬೇಕು, ಅದರಿಂದ ನನಗೆ ಪ್ರಯೋಜನವಾಯಿತು ಎಂಬ ವಾಸ್ತವವೋ ಭಾವನೆಯೋ ಇರಬೇಕು. ಇವು ಎಷ್ಟು ತುಂಬಿವೆಯೋ ಮಾತು ಅಷ್ಟು ಹೊಂದುತ್ತದೆ.

ಅವರು ಕೊಟ್ಟ ಉದಾಹರಣೆಗಳಲ್ಲೇ ಈ ತಕ್ಕಡಿ ಕಾಣುತ್ತದೆ. ಎದುರಿನವರದೇ ಪುಸ್ತಕ, ಅದನ್ನು ಜೆರಾಕ್ಸ್ ಮಾಡಿಕೊಳ್ಳಲೇ ಅಂತ ‘ಕೊಪೀ ಒ ತೊರಸೆತೆ ಇತದಕೆಮಸ್ ಕ’ ಅಂದರೆ ಎರಡು ಷರತ್ತೂ ಪೂರ್ತಿ. ಅಂಗಡಿ ಬಾಗಿಲಿಗೆ ‘ಹೊನ್‌ಜಿತ್ಸು ಕ್ಯೂಗ್ಯೋ ಸಸೆತೆ ಇತದಕಿಮಸ್’ (ಇಂದು ರಜೆ) ಅಂತ ಅಂಟಿಸಿದರೆ, ಗ್ರಾಹಕರ ಅಪ್ಪಣೆ ಯಾರೂ ಕೇಳಿಲ್ಲ, ಆದರೆ ತೊಂದರೆ ಅವರಿಗೇ ಆಗುವುದರಿಂದ ಒಪ್ಪಿಗೆ ಬೇಡಿದ ಭಾವ ಸಲ್ಲುತ್ತದೆ. ನನ್ನನ್ನು ಪರಿಚಯಿಸಿಕೊಳ್ಳುತ್ತ ‘ಇಂಥ ಹೈಸ್ಕೂಲು ಸೊತ್ಸುಗ್ಯೋ ಸಸೆತೆ ಇತದಕಿಮಶಿತ’ ಅಂದರೆ ಕೇಳುವವರು ಹುಬ್ಬೇರಿಸುತ್ತಾರೆ. ಪಾಸಾಗಿದ್ದು ಓದಿ ತಾನೇ? ಯಾರ ಕೃಪೆ? ಹೆಡ್‌ಮಾಸ್ತರು ಕೈಹಿಡಿದು ದಾಟಿಸಿದ್ದರೆ ಮಾತು ಬೇರೆ. ಇಲ್ಲದಿದ್ದರೆ ‘ಸೊತ್ಸುಗ್ಯೋ ಇತಶಿಮಶಿತ’.

ಇದಕ್ಕೆ ಕನ್ನಡದ ಅಳತೆಗೋಲು ‘ಅಪ್ಪಣೆಯಾದರೆ’. ‘ಅಪ್ಪಣೆಯಾದರೆ ವರದಿ ಓದುತ್ತೇನೆ’ ಸಭೆಯಲ್ಲಿ ಒಪ್ಪುತ್ತದೆ. ‘ಅಪ್ಪಣೆಯಾದ್ದರಿಂದ ಬಿ.ಕಾಂ. ಮುಗಿಸಿದೆ’ ಅಂದರೆ ನಗು ಬರುತ್ತದೆ. ಕನ್ನಡದಲ್ಲಿ ನಗು ಬಂದಲ್ಲಿ ಜಪಾನಿಯಲ್ಲಿ ‘ಇತಶಿಮಸ್’ ಹಾಕಿ. ಹತ್ತರಲ್ಲಿ ಎಂಟು ಸಲ ಅದೇ ಸರಿಹೋಗುತ್ತದೆ ಅಂತ ನನ್ನ ಲೆಕ್ಕ.

ಇನ್ನೊಂದು: ‘ಹೈಕೆನ್ ಸಸೆತೆ ಇತದಕಿಮಶಿತ’ (ನೋಡಿದೆ). ‘ಹೈಕೆನ್ ಸುರು’ ತಾನೇ ವಿನಯದ ಪದ, ಅದರ ಮೇಲೆ ಇನ್ನೊಂದು ಹೊದಿಕೆ. ‘ಹೈಕೆನ್ ಇತಶಿಮಶಿತ’ ಅಂದರೆ ಆಯಿತು.

ಹೊಸಕೇರಿ:
ಇತದಕು, ಇತಸು ಎರಡೂ ವಿನಯದ್ದೇ ಆದರೆ ವ್ಯತ್ಯಾಸ ಏನು?

ಪದಚ್ಛೇದ:
ಅದೇ ಮಾರ್ಗಸೂಚಿಯ ವಿಂಗಡಣೆ ಉಪಯೋಗಕ್ಕೆ ಬರುವುದು ಇಲ್ಲಿ. ತನ್ನನ್ನು ತಗ್ಗಿಸಿ ಆಡುವ ಮಾತಿಗೆ ‘ಕೆನ್‌ಜೋಗೊ’ ಅಂತ ಹೆಸರು. ಇತದಕು ‘ಕೆನ್‌ಜೋಗೊ ಒಂದು’: ಅದಕ್ಕೆ ಎದುರೊಬ್ಬರು ಬೇಕು, ಯಾರಿಂದ ಪಡೆದೆ ಅನ್ನುವ ವ್ಯಕ್ತಿಯನ್ನು ಎತ್ತರಿಸುತ್ತದೆ. ಇತಸು ‘ಕೆನ್‌ಜೋಗೊ ಎರಡು’: ಕೇಳುತ್ತಿರುವವರ ಮುಂದೆ ಮಾತನ್ನು ನಯಗೊಳಿಸುತ್ತದೆ, ಕೆಲಸ ಯಾರಿಗೂ ತಾಗಬೇಕಾಗಿಲ್ಲ. ‘ಬೆಳಗ್ಗೆ ಆರಕ್ಕೆ ಹೊರಡುತ್ತೇನೆ’ ಅನ್ನಲು ‘ಶುಪ್ಪತ್ಸು ಇತಶಿಮಸ್’ ಸರಿ. ಹೊರಡುವುದರಲ್ಲಿ ಕೊಟ್ಟವರೂ ಇಲ್ಲ, ಪಡೆದವರೂ ಇಲ್ಲ.

ಕಬಿನಿ:
ಬಿಡದಿ ಕಡೆಯ ಜಪಾನಿ ಕಂಪನಿಗಳಲ್ಲಿ ದುಭಾಷಿ ಕೆಲಸಕ್ಕೆ ಹೋಗುವವರು ಇದನ್ನೂ ನೋಡಿಕೊಳ್ಳಿ. ಮೂರೂ ಬಾಯಿಮಾತಿನಲ್ಲಿ ಆಗುವ ಎಡವಟ್ಟು.

ಅತಿಥಿಗೆ ಚಹಾ ಕೊಡುವಾಗ ‘ದೋಜ಼ೊ, ಇತದೈತೆ ಕುದಸೈ’ ಅನ್ನಬೇಡಿ. ಇತದಕು ತಗ್ಗುವ ಪದ. ‘ತಗ್ಗಿ, ಕುಡೀರಿ’ ಅಂದ ಹಾಗಾಗುತ್ತದೆ. ಅವರಿಗೆ ‘ಮೆಶಿಅಗತ್ತೆ ಕುದಸೈ’. ‘ಇತದಕಿಮಸ್’ ಅನ್ನುವುದು ತಿನ್ನುವವರು, ಬಡಿಸುವವರಲ್ಲ. ಎರಡನೇ ಸಲ ಬಡಿಸಲು ಬಂದಾಗ ‘ಸಾಕು’ ಅನ್ನಲು ‘ಮೋ ಜೂಬುನ್ ಇತದಕಿಮಶಿತ’. ಬರಿಯ ‘ಕೆಕ್ಕೋ ದೆಸ್’ಗಿಂತ ಇದು ಬೆಚ್ಚಗಿರುತ್ತದೆ. ಹಾಗೇ ‘ಫಾರಂ ಕೌಂಟರಿನಲ್ಲಿ ಪಡೆದುಕೊಳ್ಳಿ’ ಅನ್ನಲು ‘ಇತದೈತೆ ಕುದಸೈ’ ಅಲ್ಲ, ‘ಒ-ಉಕೆತೊರಿ ಕುದಸೈ’.

ವಿಸಿಟಿಂಗ್ ಕಾರ್ಡ್ ಪಡೆಯುವಾಗ ‘ಚೋದೈ ಇತಶಿಮಸ್’. ಈ ‘ಚೋದೈ’ ಬರೆಯುವ ಎರಡು ಕಾಂಜಿಯೂ ‘ಇತದಕು’ ಅಂತಲೇ ಓದಿಸಿಕೊಳ್ಳುವಂಥವು. ಕಾರ್ಡಿಗೆ ಸರಿ, ಹೆಸರಿಗಲ್ಲ. ‘ಒ-ನಮಎ ಒ ಚೋದೈ ದೆಕಿಮಸ್ ಕ’ ಫೋನಿನಲ್ಲಿ ಬಹಳ ಕೇಳಿಬರುತ್ತದೆ. ಹೆಸರೇನು ಕೈಗೆ ಕೊಡುವ ಸಾಮಾನೇ ಅಂತ ಆಕ್ಷೇಪಿಸುವವರಿದ್ದಾರೆ. ‘ಒ-ನಮಎ ಒ ಉಕಗತ್ತೆ ಮೊ ಯೊರೊಶೀ ದೆಶೋ ಕ’ ಅಂದರೆ ಯಾರೂ ಬೆರಳು ಮಾಡರು.

ಮೂರನೆಯದು ಮನೆಯವರು-ಹೊರಗಿನವರು ಲೆಕ್ಕ. ಗ್ರಾಹಕರ ಎದುರು ನಮ್ಮ ಬಾಸ್ ಬಗ್ಗೆ ‘ಬುಚೋ ನಿ ಒಶಿಯೆತೆ ಇತದಕಿಮಶಿತ’ ಅನ್ನಬಾರದು. ಹೊರಗಿನವರ ಮುಂದೆ ಬಾಸೂ ನಮ್ಮ ಮನೆಯವರೇ, ಅವರನ್ನು ಎತ್ತರಿಸಿದರೆ ಗ್ರಾಹಕರು ಕೆಳಗಾಗುತ್ತಾರೆ. ಅಲ್ಲಿ ‘ಬುಚೋ ಕರ ಕೀತೆ ಒರಿಮಸ್’. ಕನ್ನಡದವರಿಗೆ ಇದು ಒಗ್ಗುವುದು ಕಷ್ಟ. ನಾವು ‘ನಮ್ಮ ಸಾಹೇಬ್ರು’ ಅನ್ನುವುದನ್ನು ಯಾರ ಮುಂದೆಯೂ ಬಿಡುವುದಿಲ್ಲ.

ಒಗ್ಗರಣೆ:
ರೈಲಿನಲ್ಲಿ ಬರುವ ‘ಗೊ-ರಿಯೋ ಇತದಕಿ ಅರಿಗತೋ ಗೊಜ಼ೈಮಸ್’? ಥ್ಯಾಂಕ್ಸ್ ಹೇಳೋದು ಕೊಟ್ಟವರಿಗೆ. ಹಾಗಿದ್ರೆ ‘ಕುದಸರು’ ಅಲ್ವಾ ಬರಬೇಕಾದ್ದು? ಪದಚ್ಛೇದ ಅವರ ನಿಯಮ ಅವರಿಗೇ ತಿರುಗಿಸ್ತಿದ್ದೀನಿ.

ಪದಚ್ಛೇದ:
ತಿರುಗಿಸಿ, ಬೇಜಾರಿಲ್ಲ. ನಿಮ್ಮ ಹಾಗೇ ವಾದಿಸುವ ಜಪಾನಿಗಳು ‘ಗೊ-ರಿಯೋ ಕುದಸೈಮಶಿತೆ’ ಅಂತಲೇ ಬರೆಯುತ್ತಾರೆ. ಆದರೆ ಇತದಕು ತಪ್ಪಲ್ಲ, 2007ರ ಮಾರ್ಗಸೂಚಿಯೂ ಅದನ್ನು ಒಪ್ಪುತ್ತದೆ. ‘ನೀವು ಬಳಸಿದಿರಿ’ ಅಂತ ಅವರ ಕಡೆ ಬೆರಳು ತೋರುವ ಬದಲು ‘ನಮಗೆ ಸಂದಿತು’ ಅಂತ ತನ್ನ ಕಡೆಯಿಂದ ಹೇಳುವುದು ಇತದಕುವಿನ ವರಸೆ. ಒಂದು ಸೂಕ್ಷ್ಮ ಇದೆ: ಕೇಳದೆಯೇ ತಾವಾಗಿ ಮಾಡಿಕೊಟ್ಟದ್ದಕ್ಕೆ ‘ಕುದಸರು’ ಹೆಚ್ಚು ಹತ್ತಿರ, ಕೇಳಿಕೊಂಡು ಮಾಡಿಸಿಕೊಂಡದ್ದಕ್ಕೆ ‘ಇತದಕು’. ಇದನ್ನು ಗೆರೆ ಎಳೆದ ನಿಯಮ ಅಂದುಕೊಳ್ಳಬೇಡಿ.

ಅಡಿಟಿಪ್ಪಣಿ:
ಅನುವಾದಕರಿಗೆ ಎರಡು ಗುಂಡಿ. ‘ಸೊರೆ ವ ಇತದಕೆನೈ’ ಅಂದರೆ ‘ಪಡೆಯಲಾಗದು’ ಅಲ್ಲ, ‘ಅದು ಸರಿಬರಲ್ಲ, ಮೆಚ್ಚುವಂಥದ್ದಲ್ಲ’. ಇಲ್ಲಿ ವಿನಯದ ಸೋಂಕೂ ಇಲ್ಲ. ಇನ್ನು ಅಡುಗೆ ಕಾರ್ಯಕ್ರಮದಲ್ಲಿ ‘ಒಇಶಿಕು ಇತದಕೆಮಸ್’ ಅಂದರೆ ‘ರುಚಿಯಾಗಿರುತ್ತದೆ’ ಅಷ್ಟೇ. ‘ಕೃತಜ್ಞತೆಯಿಂದ ಸ್ವೀಕರಿಸಬಹುದು’ ಅಂತೆಲ್ಲ ಮಾಡಬೇಡಿ.

ಬರೆಯುವಾಗ: ವಸ್ತು ಪಡೆದದ್ದಕ್ಕೆ, ತಿಂದದ್ದಕ್ಕೆ ಕಾಂಜಿ ಬರಬಹುದು. ‘ಒಶಿಯೆತೆ ಇತದಕು’ ಥರ ಬಾಲವಾಗಿ ಬಂದಾಗ ಹಿರಗನದಲ್ಲೇ (ಉಚ್ಚಾರಣೆಯಂತೆ ಬರೆಯುವ ಜಪಾನಿ ಲಿಪಿ) ಬರೆಯುವುದು ಸರ್ಕಾರಿ ಬರಹದ ಪದ್ಧತಿ, ಕಚೇರಿಯ ಮೇಲ್‌ಗೂ ಅದೇ ಒಳ್ಳೆಯದು.

ಹೊಸಕೇರಿ:
ಎಲ್ಲ ಸೇರಿಸಿ ತಿದ್ದಿದ್ದು ಇದು. ಮೇಲ್ ಹೋಗುವುದು ಸತೋ ಅವರಿಗೇ.

‘ಸೆನ್‌ಜಿತ್ಸು ಸತೋ-ಸಮ ನಿ ಒಶಿಯೆತೆ ಇತದೈತ ತೆಜುನ್ ದೆ ಸಗ್ಯೋ ಒ ಸುಸುಮೆ, ಶಿರ್ಯೋ ಒ ಒ-ಒಕುರಿ ಇತಶಿಮಶಿತ. ಗೊ-ಕಕುನಿನ್ ಇತದಕೆರೆಬ ಸೈವೈ ದೆಸ್.’

ಕಬಿನಿ:
ವ್ಯಾಕರಣಕ್ಕೆ ಹೇಳುವಂತಿಲ್ಲ. ಆದರೆ ‘ಇತದಕೆರೆಬ ಸೈವೈ ದೆಸ್’ ಅಂದರೆ ‘ನೋಡಿದರೆ ಸಂತೋಷ’. ನೋಡದೆ ಬಿಟ್ಟರೂ ಅವರ ತಪ್ಪಲ್ಲ. ಶುಕ್ರವಾರದೊಳಗೆ ಉತ್ತರ ಬೇಕೇ ಬೇಕು ಅಂತಿದ್ದರೆ ಕೊನೇ ವಾಕ್ಯ ‘ಕಿನ್‌ಯೋಬಿ ಮದೆ ನಿ ಗೊ-ಕಕುನಿನ್ ಇತದಕೆಮಸ್ ಕ’ ಮಾಡಿ. ‘ಕೆ’ ಮರೀಬೇಡಿ.